20 ಸಾವಿರದೊಳಗೆ ಹೋಂ ಥಿಯೇಟರ್: ಒಂದೇ ಪಡಸಾಲೆಯಲ್ಲಿ ಹಚ್ಚಿ ಕೇಳಿದ ಸೆಟ್‌ಗಳು

ಮೊದಲೇ ತೀರ್ಪು ಹೇಳಿಬಿಡುತ್ತೇನೆ, ಅವಸರ ಇದ್ದವರು ಇಷ್ಟೇ ಓದಿದರೂ ನಡೆಯುತ್ತದೆ. ಸಿನಿಮಾಕ್ಕಾಗಿ ಅಂದರೆ, ಬೆನ್ನ ಹಿಂದೆ ನಿಜವಾಗಿಯೂ ಎರಡು ಸ್ಪೀಕರ್ ಇಡುವಂಥ ವೈರ್‌ನ 5.1 ಸೌಂಡ್‌ಬಾರ್ ತಗೊಳ್ಳಿ (5.1 ಅಂದರೆ ಐದು ಬೇರೆಬೇರೆ ದನಿಯ ಹಾದಿ, ಜೊತೆಗೆ ಬಾಸ್‌ಗೆ ಅಂತಲೇ ಒಂದು ಸಬ್‌ವೂಫರ್). ಹಾಡು, ಸಂಗೀತ ಜಾಸ್ತಿ ಕೇಳುವ ಮನೆ ಆದರೆ ಎರಡೇ ಎರಡು ಒಳ್ಳೆಯ ಸ್ಪೀಕರ್ ಸಾಕು. ಸೀರಿಯಲ್, ಸುದ್ದಿ, ಕ್ರಿಕೆಟ್ ಇಷ್ಟೇ ಅಂದರೆ ಸಾದಾ 2.1 ಬಾರ್. ಆರೇಳು ಸಾವಿರಕ್ಕೆ ಸಿಗುವ 5.1 ಮಲ್ಟಿಮೀಡಿಯಾ ಸೆಟ್ ಮಾತ್ರ ಟಿವಿಗೆ ಬೇಡವೇ ಬೇಡ. ಒಂದು ಬಿಟ್ಟು ಉಳಿದವನ್ನೆಲ್ಲ ಒಂದೇ ಪಡಸಾಲೆಯಲ್ಲಿ, ಒಂದೇ ಟಿವಿಗೆ ಹಚ್ಚಿ ಕೇಳಿದ್ದೇನೆ. ಕೆಲವು ನನ್ನವು, ಕೆಲವು ಗೆಳೆಯರ ಮನೆಯಿಂದ ಎತ್ತಿಕೊಂಡು ಬಂದವು.

ಪಡಸಾಲೆಯ ಬಗ್ಗೆ ಮೊದಲು ಹೇಳಬೇಕು, ಯಾಕಂದರೆ ಅರ್ಧ ಸೌಂಡ್ ಅದರ ಕೈಯಲ್ಲೇ ಇರುತ್ತದೆ. ನಮ್ಮದು ಹುಬ್ಬಳ್ಳಿ ಕೇಶ್ವಾಪುರದ ಮಾಮೂಲಿ ಆರ್‌ಸಿಸಿ ಮನೆ. ಸುಮಾರು 11 ಅಡಿ ಅಗಲ, 16 ಅಡಿ ಉದ್ದ. ನೆಲಕ್ಕೆ ಟೈಲ್ಸ್, ಗೋಡೆ ಬೋಳು, ಒಂದು ಬದಿಗೆ ಅಡುಗೆಮನೆಯ ಬಾಗಿಲು. ಚಪ್ಪಾಳೆ ಹೊಡೆದರೆ ಜಣ್ ಅಂತ ವಾಪಸ್ ಬರುತ್ತದೆ. ಇಂಥ ಕೋಣೆಯಲ್ಲಿ ಎಷ್ಟು ದುಡ್ಡಿನ ಸ್ಪೀಕರ್ ಇಟ್ಟರೂ ಮಾತು ಕಲಸಿಹೋಗುತ್ತದೆ. ಸೋಫಾ ಮತ್ತು ಟಿವಿ ನಡುವೆ ನವಲಗುಂದದ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಸೋಫಾ ಹಿಂದಿನ ಗೋಡೆಗೆ ಹಳೆಯ ಕೌದಿಯೊಂದನ್ನು ತೂಗುಹಾಕಿದ ಮೇಲೆ ಅದೇ ಸೆಟ್‌ನಲ್ಲಿ ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಬಟ್ಟೆ ಕೀರಲು, ಏರುಶ್ರುತಿಯ ದನಿಗಳನ್ನು ಹೀರುತ್ತದೆ, ಗೋಡೆಗೆ ಬಡಿದು ತಿರುಗಿ ಬರಲು ಬಿಡುವುದಿಲ್ಲ. ಬಾಸ್‌ಗೆ ಮಾತ್ರ ಜಮಖಾನ, ಕೌದಿ ಯಾವುದೂ ಲೆಕ್ಕಕ್ಕಿಲ್ಲ. ಧಾರವಾಡದ ಸಾಧನಕೇರಿ ಕಡೆ ಗೆಳೆಯನದೊಂದು ಹಳೆ ಹೆಂಚಿನ ಮನೆ ಇದೆ, ಮೇಲೆ ಕಟ್ಟಿಗೆಯ ಜಂತಿ, ಗೋಡೆ ತುಂಬ ಪುಸ್ತಕ. ಅಲ್ಲಿ ಈ ತಾಪತ್ರಯವೇ ಇಲ್ಲ. ಹಾಗಾಗಿ ಸ್ಪೀಕರ್ ಬದಲಿಸುವ ಮುಂಚೆ ಒಮ್ಮೆ ಚಪ್ಪಾಳೆ ಹೊಡೆದು ನೋಡಿ.

ಈಗ ಆ ಮಲ್ಟಿಮೀಡಿಯಾ ಸೆಟ್. ಅಂಗಡಿಯಲ್ಲಿ ಬಜೆಟ್ ಕಡಿಮೆ ಅಂದ ತಕ್ಷಣ ತೋರಿಸುವುದೇ ಇದನ್ನು. ದೊಡ್ಡ ಡಬ್ಬಿ, ಮುಂದೆ ಬಣ್ಣದ ಲೈಟು, ಐದು ಸಣ್ಣ ಸ್ಪೀಕರ್. "ಬಾಸ್ ಭಾರೀ ಹೊಡೀತೈತ್ರೀ, ಓಣಿ ತುಂಬ ಕೇಳಸ್ತೈತಿ" ಅಂದ ಅಂಗಡಿ ಹುಡುಗ. ಹೌದು, ಓಣಿ ತುಂಬ ಕೇಳಿಸಿತು. ಆದರೆ ಡಬ್ಬಿಯ ಬೆನ್ನು ತಿರುಗಿಸಿ ನೋಡಿ: ಬ್ಲೂಟೂತ್, ಯುಎಸ್‌ಬಿ, ಎಫ್‌ಎಂ, ಆಕ್ಸ್. ಎಚ್‌ಡಿಎಂಐ ಇಲ್ಲ, ಆಪ್ಟಿಕಲ್ (ಬೆಳಕಿನ ಮೂಲಕ ಸೌಂಡ್ ಸಾಗಿಸುವ ಕೇಬಲ್‌ನ ತೂತು) ಇಲ್ಲ. ಬ್ಲೂಟೂತ್ ಆಗಲಿ ಆಕ್ಸ್ ಆಗಲಿ, ಟಿವಿಯಿಂದ ತರುವುದು ಎಡ ಬಲ ಎರಡೇ ಚಾನೆಲ್, ಅಂದರೆ ಎರಡೇ ದನಿಯ ಹಾದಿ. ಆ ಎರಡನ್ನೇ ಐದೂ ಸ್ಪೀಕರ್‌ಗೆ ಹಂಚಿಬಿಡುತ್ತದೆ. ಪರದೆ ಮೇಲೆ ಹೀರೋ ಮಾತಾಡಿದರೆ ನಿಮ್ಮ ಬೆನ್ನ ಹಿಂದಿನಿಂದಲೂ ಅವನೇ ಮಾತಾಡುತ್ತಾನೆ. ಐದು ನಿಮಿಷದಲ್ಲಿ ತಲೆ ಹಿಡಿಯುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಆರು ಆರ್‌ಸಿಎ ತೂತುಗಳ 5.1 ಇನ್‌ಪುಟ್ ಇರುತ್ತದೆ. ಅದಕ್ಕೆ ಬೇರೆ ಡಾಲ್ಬಿ ಡಿಕೋಡರ್ ಡಬ್ಬಿ (ಟಿವಿಯ ಡಿಜಿಟಲ್ ಸೌಂಡನ್ನು ಆರು ಹಾದಿಯಾಗಿ ಬಿಡಿಸುವುದು) ತಂದು, ಟಿವಿಯಿಂದ ಅದಕ್ಕೆ ಆಪ್ಟಿಕಲ್ ಕೊಟ್ಟು, ಅಲ್ಲಿಂದ ಆರು ವೈರ್ ಎಳೆದರೆ ನಿಜವಾದ 5.1 ಬರುತ್ತದೆ. ಬರುತ್ತದೆ ನಿಜ, ಆದರೆ ಡಿಕೋಡರ್ ಖರ್ಚು, ಇನ್ನೊಂದು ರಿಮೋಟು, ವೈರ್ ಗೊಂದಲ ಎಲ್ಲ ಕೂಡಿಸಿದರೆ ಸೌಂಡ್‌ಬಾರ್‌ನ ದರದ ಹತ್ತಿರ ಬಂದಿರುತ್ತೀರಿ. ಕಂಪ್ಯೂಟರ್‌ಗೆ, ಹಬ್ಬದ ದಿನ ಅಂಗಳದಲ್ಲಿ ಹಾಡು ಹಾಕೋದಕ್ಕೆ ಇದು ಚೆನ್ನಾಗಿಯೇ ಇದೆ.

ವ್ಯಾಟ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ರಿಪೇರಿ ಅಂಗಡಿಯವರು ಕೂಡಿಸಿಕೊಡುವ ಆಂಪ್ಲಿಫೈಯರ್ ನೋಡಿದವರಿಗೆ 4440 ಐಸಿ ಗೊತ್ತಿರುತ್ತದೆ. ಸ್ಯಾನ್ಯೋ ಕಂಪನಿಯ ಆ ಐಸಿ ಕೊಡುವುದು ಸ್ಟೀರಿಯೋದಲ್ಲಿ ಚಾನೆಲ್‌ಗೆ 6 ವ್ಯಾಟ್, ಬ್ರಿಡ್ಜ್ ಮಾಡಿದರೆ, ಅಂದರೆ ಎರಡೂ ಚಾನೆಲ್ ಸೇರಿಸಿ ಒಂದೇ ಮಾಡಿದರೆ, 19 ವ್ಯಾಟ್. ಅಷ್ಟರಲ್ಲೇ ಎಷ್ಟೋ ಮನೆಗಳು ಕುಣಿದಿವೆ. ಡಬ್ಬಿ ಮೇಲಿನ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿಯ ಲೆಕ್ಕ) ಅನ್ನೋದು ಸುಮ್ನೆ ಸ್ಟಿಕ್ಕರ್, ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡುವ ಶಕ್ತಿ, ಎಷ್ಟು ಅಂತ ಕೇಳಿ. ಇನ್ನೊಂದು, ವ್ಯಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ. ಬರೀ 3 ಡೆಸಿಬಲ್ ಏರುತ್ತದೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತರಷ್ಟು ವ್ಯಾಟ್ ಬೇಕು.

2.1 ಬಾರ್ ಬಗ್ಗೆ ದೂರು ಕಡಿಮೆ. ಎಂಟು ಹತ್ತು ಸಾವಿರದ ಆಸುಪಾಸು. ಒಂದು ಕಡ್ಡಿ, ಒಂದು ಸಬ್‌ವೂಫರ್, ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಕೆಲಸ ಮುಗಿಯಿತು. ಟಿವಿಯ ರಿಮೋಟಲ್ಲೇ ದನಿ ಏರಿಸಬಹುದು, ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಸಣ್ಣ ವಿಷಯ ಅಲ್ಲ. ಈಗಿನ ತೆಳು ಟಿವಿಗಳ ಸ್ಪೀಕರ್ ಕೆಳಮುಖ ಅಥವಾ ಹಿಮ್ಮುಖ ಇರುತ್ತವೆ, ಹಾಗಾಗಿ ಯಾವ ಬಾರ್ ಇಟ್ಟರೂ ಮಾತು ಸುಧಾರಿಸುತ್ತದೆ. ನನಗೆ ಸಿಟ್ಟು ಬರುವುದು ಡಬ್ಬಿ ಮೇಲಿನ ವರ್ಚುವಲ್ ಸರೌಂಡ್, ವರ್ಚುವಲ್ ಆಟ್ಮಾಸ್ ಎಂಬ ಮಾತಿಗೆ (ಆಟ್ಮಾಸ್ ಅಂದರೆ ತಲೆಯ ಮೇಲಿನಿಂದಲೂ ಸದ್ದು ತರುವ ಡಾಲ್ಬಿ ವಿಧಾನ). ಮೇಲ್ಮುಖದ ಸ್ಪೀಕರ್ ಇಲ್ಲ, ಹಿಂದಿನದೂ ಇಲ್ಲ, ಎಲ್ಲ ಲೆಕ್ಕಾಚಾರದ ಆಟ. ಗೋಡೆಗೆ ಬಡಿಸಿ ಕಿವಿಗೆ ತರುವ ಬಾರ್‌ಗಳಿಗೂ ಎರಡೂ ಬದಿ ಸರಿಯಾದ ಗೋಡೆ ಇರಬೇಕು. ನಮ್ಮ ಮನೆಯಲ್ಲಿ ಒಂದು ಬದಿಯ ಸದ್ದು ಸೀದಾ ಅಡುಗೆಮನೆಗೆ ಹೋಯಿತು. ಕ್ರಿಕೆಟ್‌ಗೆ ಮಾತ್ರ ಇದರಲ್ಲೇನೂ ಕೊರತೆ ಅನ್ನಿಸಲಿಲ್ಲ.

ಕೊನೆಗೆ ನಮ್ಮ ಟಿವಿ ಕೆಳಗೆ ಉಳಿದದ್ದು ಸೋನಿಯ ಎಚ್‌ಟಿ-ಎಸ್20ಆರ್. ಮುಂದೆ ಬಾರ್, ಹಿಂದೆ ಎರಡು ಪುಟ್ಟ ಸ್ಪೀಕರ್, ಒಂದು ಸಬ್‌ವೂಫರ್, ಎಲ್ಲ ವೈರ್‌ನವೇ. ಒಟ್ಟು 400 ವ್ಯಾಟ್ ಅಂತ ಬರೆದಿದ್ದಾರೆ. ನಾನು ನೋಡಿದಾಗ ದರ 15 ರಿಂದ 18 ಸಾವಿರದ ನಡುವೆ ಓಡಾಡುತ್ತಿತ್ತು, ಹಬ್ಬದ ಸೇಲ್‌ನಲ್ಲಿ ಇಳಿಯುತ್ತದೆ. ಆಟ್ಮಾಸ್ ಇಲ್ಲ. ಡಾಲ್ಬಿ ಡಿಜಿಟಲ್ 5.1 ಇದೆ, ಅದನ್ನು ನೆಟ್ಟಗೆ ಮಾಡುತ್ತದೆ. ಬಾರ್‌ನ ನಡುವಿನ ಸ್ಪೀಕರ್ ಸೆಂಟರ್ ಚಾನೆಲ್‌ಗೆ ಮೀಸಲು. ಸಿನಿಮಾದ ಮಾತು ಹೆಚ್ಚಾಗಿ ಆ ಚಾನೆಲ್‌ನಲ್ಲೇ ಇರುವುದರಿಂದ, ಹಿನ್ನೆಲೆ ಸಂಗೀತ ಎಷ್ಟು ಅಬ್ಬರಿಸಿದರೂ ಮಾತು ಕೊಚ್ಚಿಹೋಗುವುದಿಲ್ಲ. ಹಿಂದಿನ ಎರಡು ಸ್ಪೀಕರ್‌ಗಳ ಮಜಾ ಮಳೆ, ಜಾತ್ರೆ, ಗದ್ದಲದ ದೃಶ್ಯಗಳಲ್ಲಿ. ಉಳಿದ ಹೊತ್ತು ಅವು ಇವೆ ಅಂತಲೇ ಗೊತ್ತಾಗುವುದಿಲ್ಲ, ಗೊತ್ತಾಗಬಾರದು ಕೂಡ.

ಆದರೆ ತಂದ ದಿನವೇ ಹಿಂದಿನ ಸ್ಪೀಕರ್ ಬಾಯಿ ಬಿಡದಿದ್ದರೆ ಗಾಬರಿಯಾಗಬೇಡಿ. ಟಿವಿಯಲ್ಲಿ ಎಆರ್‌ಸಿ (ಟಿವಿಯ ಸೌಂಡನ್ನು ಬಾರ್‌ಗೆ ವಾಪಸ್ ಕಳಿಸುವ ವ್ಯವಸ್ಥೆ) ಅಂತ ಬರೆದಿರುವ ಎಚ್‌ಡಿಎಂಐ ಪೋರ್ಟ್‌ಗೇ ಕೇಬಲ್ ಹಾಕಬೇಕು, ಪಕ್ಕದ್ದಕ್ಕೆ ಹಾಕಿದರೆ ಸೌಂಡೇ ಬರಲ್ಲ. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4 ಜೊತೆಗೆ, ಹಾಗಾಗಿ ತೀರ ಹಳೆಯ ಟಿವಿ ಬಿಟ್ಟರೆ ಸಾಮಾನ್ಯವಾಗಿ ಇರುತ್ತದೆ. ಟಿವಿ ಮೆನುವಿನಲ್ಲಿ ಸಿಇಸಿ (ಒಂದೇ ರಿಮೋಟಲ್ಲಿ ಟಿವಿ, ಬಾರ್ ಎರಡನ್ನೂ ನಡೆಸುವ ಸೌಲಭ್ಯ) ಆನ್ ಮಾಡಿ. ಆಮೇಲೆ ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಹುಡುಕಿ. ಅದು ಪಿಸಿಎಂ (ಟಿವಿಯೇ ಬಿಡಿಸಿ ಕಳಿಸುವ ಸೌಂಡ್) ಅಂತ ಇದ್ದರೆ ಎಆರ್‌ಸಿ ಮೇಲೆ ಹೋಗುವುದು ಎರಡೇ ಚಾನೆಲ್. ಆಟೋ, ಬಿಟ್‌ಸ್ಟ್ರೀಮ್ ಅಥವಾ ಡಾಲ್ಬಿ ಡಿಜಿಟಲ್ ಅಂತ ಬದಲಿಸಿ. 5.1 ತಗೊಂಡು ವರ್ಷಗಟ್ಟಲೆ ಸ್ಟೀರಿಯೋ ಕೇಳುತ್ತಿರುವ ಮನೆಗಳನ್ನು ನೋಡಿದ್ದೇನೆ, ಎಲ್ಲ ಕಡೆಯೂ ತಪ್ಪಿದ್ದು ಈ ಒಂದು ಸಾಲು. ಎಆರ್‌ಸಿ ಇಲ್ಲದಿದ್ದರೆ ಆಪ್ಟಿಕಲ್ ಹಾಕಿ, ಡಾಲ್ಬಿ ಡಿಜಿಟಲ್ 5.1 ಅದರಲ್ಲೂ ಹೋಗುತ್ತದೆ. ಇನ್ನು ಕೇಬಲ್ ಟಿವಿ, ಡಿಶ್‌ನ ಹೆಚ್ಚಿನ ಚಾನೆಲ್‌ಗಳು ಬರುವುದೇ ಸ್ಟೀರಿಯೋದಲ್ಲಿ. ಓಟಿಟಿಯಲ್ಲಿ ಸಿನಿಮಾದ ಹೆಸರಿನ ಕೆಳಗೆ 5.1 ಅಂತ ಇದ್ದರೆ ಮಾತ್ರ ನಿಜವಾದ ಪರೀಕ್ಷೆ.

ವೈರ್ ಕೆಲಸ ಬೇಸರದ್ದು, ಮುಚ್ಚಿಡುವುದಿಲ್ಲ. ಹಿಂದಿನ ಸ್ಪೀಕರ್ ಕೂತವರ ಕಿವಿಗಿಂತ ಸ್ವಲ್ಪ ಹಿಂದಕ್ಕೆ, ಸುಮಾರು 110 ಡಿಗ್ರಿಯಲ್ಲಿ (ಎದುರಿನ ಟಿವಿ ಸೊನ್ನೆ ಡಿಗ್ರಿ ಅಂದುಕೊಂಡರೆ), ಕಿವಿಗಿಂತ ಸ್ವಲ್ಪ ಎತ್ತರದಲ್ಲಿ ಇದ್ದರೆ ಚೆಂದ. ಅಲ್ಲಿಗೆ ಮುಟ್ಟಲು ನಮ್ಮ ಮನೆಯಲ್ಲಿ ಬಾಗಿಲ ಚೌಕಟ್ಟು ಹತ್ತಿ ಇಳಿಯಬೇಕಾಯಿತು, ಜೊತೆಗೆ ಕೊಟ್ಟ ವೈರ್ ಆ ಸುತ್ತಿಗೆ ಸಾಲಲಿಲ್ಲ. ತಾಮ್ರದ ಸ್ಪೀಕರ್ ವೈರ್ ತಂದು ಉದ್ದ ಮಾಡಿ, ಪಿವಿಸಿ ಪಟ್ಟಿಯೊಳಗೆ ಕೂರಿಸಿದೆ. ತಾಮ್ರದ ಬಣ್ಣದ ಅಲ್ಯೂಮಿನಿಯಂ ವೈರ್ ಕೂಡ ಮಾರುತ್ತಾರೆ, ತುದಿ ಕೆರೆದು ನೋಡಿ ತಗೊಳ್ಳಿ. ಪಟ್ಟಿ ಹಾಕಿದ್ದು ಚೆಂದಕ್ಕಷ್ಟೇ ಅಲ್ಲ, ಇಲಿಗಳಿಗೆ ಸ್ಪೀಕರ್ ವೈರ್ ಅಂದರೆ ಭಾರೀ ಪ್ರೀತಿ.

ಈಗ ನನಗೆ ಸೋನಿಗಿಂತ ಇಷ್ಟವಾದ ಸೆಟ್: ಎಡಿಫೈಯರ್ ಆರ್1280ಡಿಬಿ. ಇದನ್ನು ಹೋಂ ಥಿಯೇಟರ್ ಅನ್ನಲು ಬರುವುದಿಲ್ಲ. ಕಟ್ಟಿಗೆ ಬಣ್ಣದ ಎರಡು ಡಬ್ಬಿ, ಪ್ರತಿಯೊಂದರಲ್ಲಿ 4 ಇಂಚಿನ ಬಾಸ್ ಸ್ಪೀಕರ್, ಮೇಲೆ ಏರುದನಿಗೆ ಸಣ್ಣ ಟ್ವೀಟರ್. ಆಂಪ್ಲಿಫೈಯರ್ ಒಳಗೇ ಇದೆ, ಬ್ಲೂಟೂತ್ ಇದೆ, ಟಿವಿಗೆ ಆಪ್ಟಿಕಲ್ ಇದೆ. ಬರೆದಿರುವುದು 42 ವ್ಯಾಟ್ ಆರ್‌ಎಂಎಸ್, ಸೋನಿಯ 400ರ ಮುಂದೆ ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ನಮ್ಮ ಪಡಸಾಲೆಗೆ ಅರ್ಧ ದನಿಯೇ ಜಾಸ್ತಿಯಾಗಿತ್ತು. ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್ ಹಾಕಿದೆ. ಆ ಕಾಲದ ಧ್ವನಿಮುದ್ರಣಗಳು ಮೋನೋ, ಒಂದೇ ಚಾನೆಲ್. 5.1 ಬಾರ್‌ನಲ್ಲಿ ಸರೌಂಡ್ ಮೋಡ್ ಹಾಕಿ ಕೇಳಿದರೆ ತಂಬೂರಿ ಕೋಣೆ ತುಂಬ ಚದುರಿ, ದನಿ ಬಾವಿಯೊಳಗಿಂದ ಬಂದಂತೆ ಆಗುತ್ತದೆ. ಎಡಿಫೈಯರ್‌ನಲ್ಲಿ ಎರಡರ ನಟ್ಟನಡುವೆ ಕೂತು ಹಾಡುತ್ತಾರೆ, ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಹಿಂದೂಸ್ತಾನಿ ಕೇಳುವ ಮನೆಗಳು ನಮ್ಮ ಹುಬ್ಬಳ್ಳಿ-ಧಾರವಾಡ, ಗದಗಿನಲ್ಲಿ ಕಡಿಮೆಯೇನಿಲ್ಲ, ಅಂಥವರು ಹಿಂದೆಮುಂದೆ ನೋಡದೆ ಇದನ್ನೇ ತಗೊಳ್ಳಿ. ಸಿನಿಮಾದಲ್ಲೂ ಮಾತು ಸ್ಪಷ್ಟ, ಆದರೆ ನಡುವೆ ಕೂತವರಿಗೆ. ಒಂದು ಬದಿಗೆ ಕೂತರೆ ಮಾತು ಆ ಬದಿಗೇ ಜಾರುತ್ತದೆ. ಆರು ಮಂದಿ ಸೋಫಾ, ಕುರ್ಚಿ, ನೆಲ ಅಂತ ಹರಡಿಕೊಂಡು ನೋಡುವ ನಮ್ಮಂಥ ಮನೆಗೆ ಸೆಂಟರ್ ಸ್ಪೀಕರ್ ಬೇಕೇಬೇಕು, ಸೋನಿ ಗೆದ್ದದ್ದು ಅಷ್ಟಕ್ಕೇ.

ಸೆಕೆಂಡ್‌ಹ್ಯಾಂಡ್ ಎವಿ ರಿಸೀವರ್ (ಸರೌಂಡ್ ಸ್ಪೀಕರ್‌ಗಳನ್ನೆಲ್ಲ ನಡೆಸುವ ದೊಡ್ಡ ಆಂಪ್ಲಿಫೈಯರ್) ಮನೆಗೆ ತರಲು ಆಗಲಿಲ್ಲ, ಸಾಧನಕೇರಿಯ ಗೆಳೆಯನಲ್ಲೇ ಕೇಳಿದ್ದು. ಹಳೆ ಯಮಾಹಾ, ಅದಕ್ಕೆ ಎರಡು ಸ್ಪೀಕರ್, ಆಮೇಲೆ ಸೆಂಟರ್, ಆಮೇಲೆ ಸಬ್‌ವೂಫರ್ ಅಂತ ಒಂದೊಂದೇ ಕೂಡಿಸಿದ್ದಾನೆ. ಸೌಂಡ್ ಇವೆಲ್ಲಕ್ಕಿಂತ ಮೇಲೆ, ಅದರಲ್ಲಿ ಎರಡು ಮಾತಿಲ್ಲ. ಆಪ್ಟಿಕಲ್ ಇರುವ ಹಳೆ ರಿಸೀವರ್ ಈಗಿನ ಟಿವಿಗೂ ನಡೆಯುತ್ತದೆ. ಆದರೆ ಬೋರ್ಡ್ ಕೆಟ್ಟರೆ ರಿಪೇರಿಗೆ ಬೆಂಗಳೂರು ಕಡೆ ಮುಖ ಮಾಡಬೇಕಾಗುತ್ತದೆ. ಬೆಸುಗೆ ಹಾಕಲು ಬರುವವರಿಗೆ, ಇಲ್ಲವೇ ತಾಳ್ಮೆ ಇದ್ದವರಿಗೆ.

ಕರೆಂಟಿನದ್ದೂ ಒಂದು ಲೆಕ್ಕ ಇದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವಾಗ ಬೀಳುವ ಹೊಡೆತಕ್ಕೆ ಸ್ಪೈಕ್ ಗಾರ್ಡ್ ಹಾಕಿ. ಮನೆಯಲ್ಲಿ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್‌ಗಳು ಗುಂಯ್ ಅನ್ನುತ್ತವೆ, ಅದು ಕೆಟ್ಟಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ.

ಸಬ್‌ವೂಫರನ್ನು ಮೂಲೆಗೆ ತಳ್ಳಿದರೆ ಬಾಸ್ ಉಬ್ಬುತ್ತದೆ, ಅಂಗಡಿಯಲ್ಲಿ ಅದನ್ನೇ ಮಾಡಿ ತೋರಿಸುತ್ತಾರೆ. ಒಂದು ಹಳೆಯ ಉಪಾಯ ಇದೆ: ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿ ಇಟ್ಟು, ಹಾಡು ಹಚ್ಚಿ, ನೀವು ಗೋಡೆಗುಂಟ ಬಗ್ಗಿ ನಡೆಯುತ್ತ ಕೇಳಿ. ಬಾಸ್ ಎಲ್ಲಿ ಗುಂಯ್‌ಗುಡದೆ ಬಿಗಿಯಾಗಿ ಕೇಳುತ್ತದೋ ಅಲ್ಲಿ ಅದನ್ನು ಇಡಿ. ಮನೆಯವರು ನಗುತ್ತಾರೆ, ನಗಲಿ. ಗೋಕುಲ ರಸ್ತೆಯ ಅಪಾರ್ಟ್‌ಮೆಂಟ್‌ನವರು, ಹಳೇ ಹುಬ್ಬಳ್ಳಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಯವರು ಅದರ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ರಾತ್ರಿ ಹತ್ತರ ಮೇಲೆ ಬಾಸನ್ನು ರಿಮೋಟಲ್ಲೇ ಇಳಿಸಿಬಿಡಿ, ಮಾತು ಹೇಗಿದ್ದರೂ ಸೆಂಟರ್‌ನಿಂದ ಬರುತ್ತದೆ.