ಜಿಎನ್‌ಎಸ್3: ಆರು ವರ್ಷ ಬಳಸಿದ ಮೇಲೆ

ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಆರು ವರ್ಷದಿಂದ ಜಿಎನ್‌ಎಸ್3 ನನ್ನ ಲ್ಯಾಪ್‌ಟಾಪಿನಲ್ಲಿದೆ. ರೂಟರ್, ಸ್ವಿಚ್ಚುಗಳ ಜಾಲವನ್ನು ಕಂಪ್ಯೂಟರಿನೊಳಗೇ ಕಟ್ಟಿ ಓಡಿಸಿ ನೋಡುವ ತಂತ್ರಾಂಶ ಅದು. ಯಾವ ಬದಲಾವಣೆಯನ್ನೇ ಆಗಲಿ, ಇದರಲ್ಲಿ ಓಡಿಸಿ ನೋಡದೆ ಕ್ಯಾಂಪಸ್ಸಿನ ಸ್ವಿಚ್ಚಿಗೆ ಹಾಕುವುದಿಲ್ಲ.

ಕಲಿಯಲು ಶುರು ಮಾಡುವವರಿಗೆ ಪ್ಯಾಕೆಟ್ ಟ್ರೇಸರ್ ಎಂಬ ಕಲಿಕೆಯ ತಂತ್ರಾಂಶ ಸಾಕು. ಆದರೆ ಅದು ರೂಟರಿನ ಅನುಕರಣೆ ಮಾತ್ರ. ಜಿಎನ್‌ಎಸ್3ಯಲ್ಲಿ ಓಡುವುದು ಸಿಸ್ಕೋ ಕಂಪನಿಯ ನಿಜವಾದ ಐಒಎಸ್, ಅಂದರೆ ಅದರ ರೂಟರುಗಳ ಆಪರೇಟಿಂಗ್ ಸಿಸ್ಟಮ್. ಎರಡು ರೂಟರ್ ಇಟ್ಟು, ನಡುವೆ ತಂತಿ ಎಳೆದು, ಪಿಂಗ್ ಕೊಟ್ಟು (ಆಚೆಯದು ಉತ್ತರಿಸುತ್ತದೆಯೇ ಎಂದು ಕೇಳುವ ಆದೇಶ) ನೋಡಿ: ಮೊದಲು ಒಂದು ಚುಕ್ಕೆ, ಅಂದರೆ ಉತ್ತರವಿಲ್ಲ; ಆಮೇಲೆ ನಾಲ್ಕು ಆಶ್ಚರ್ಯಸೂಚಕ ಚಿಹ್ನೆ, ಅಂದರೆ ಉತ್ತರ ಬಂತು. ಆ ಚುಕ್ಕೆ ಯಾಕೆ ಬಂತು ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ. ತಂತಿಯ ಮೇಲೆ ರೈಟ್ ಕ್ಲಿಕ್ ಮಾಡಿ ವೈರ್‌ಶಾರ್ಕ್ (ತಂತಿಯಲ್ಲಿ ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ತಂತ್ರಾಂಶ) ತೆರೆದಾಗ ಕಂಡಿತು. ಆಚೆಯ ರೂಟರಿನ ಮ್ಯಾಕ್ ವಿಳಾಸ (ಅದರ ಪೋರ್ಟಿನ ಹಾರ್ಡ್‌ವೇರ್ ವಿಳಾಸ) ಯಾವುದೆಂದು ಎಆರ್‌ಪಿ ಎಂಬ ಪ್ರೋಟೊಕಾಲ್ ವಿಚಾರಿಸುವಷ್ಟರಲ್ಲಿ ಮೊದಲ ಪ್ಯಾಕೆಟ್ ಕಳೆದುಹೋಗಿರುತ್ತದೆ.

ಇದರ ನಿಜವಾದ ಬೆಲೆ ತಿಳಿದದ್ದು ಆಟೊಮೇಷನ್‌ಗೆ ಕೈಹಾಕಿದ ಮೇಲೆ. ಕಾಲೇಜಿನ ಹೊಸ ಲ್ಯಾಬಿಗೆ ವಿಲ್ಯಾನ್ 30 (ಅದೇ ಸ್ವಿಚ್ಚುಗಳ ಮೇಲೆ ಬೇರ್ಪಡಿಸಿದ ಒಂದು ಜಾಲ) ಬೇಕಿತ್ತು. ಸ್ವಿಚ್ಚುಗಳಿಗೆ ಆದೇಶ ಕಳಿಸುವ ಪೈಥಾನ್‌ನ ನೆಟ್‌ಮಿಕೋ ಲೈಬ್ರರಿ ಬಳಸಿ, ನಾಲ್ಕು ಸ್ವಿಚ್ಚಿಗೂ ಒಂದೇ ಸಲ ಹೋಗುವ ಹಾಗೆ ಸ್ಕ್ರಿಪ್ಟ್ ಬರೆದೆ. ಅದರಲ್ಲಿದ್ದ ಸಾಲು ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’. ಜಿಎನ್‌ಎಸ್3ಯಲ್ಲಿ ಓಡಿಸಿದೆ, ಸ್ವಿಚ್ಚಿಗೆ ನೆಟ್‌ವರ್ಕ್ ಮೂಲಕ ಇದ್ದ ಎಸ್‌ಎಸ್‌ಎಚ್ ಸಂಪರ್ಕ ಅಲ್ಲೇ ನಿಂತುಬಿಟ್ಟಿತು. ನೆಟ್‌ವರ್ಕ್ ಇಲ್ಲದೆಯೂ ಸ್ವಿಚ್ಚಿಗೆ ನೇರವಾಗಿ ಹೋಗುವ ಕನ್ಸೋಲ್ ತೆರೆದು ನೋಡಿದರೆ, ಸ್ವಿಚ್ಚುಗಳ ನಡುವೆ ಹಲವು ವಿಲ್ಯಾನ್ ಸಾಗಿಸುವ ಟ್ರಂಕಿನಲ್ಲಿ 30 ಒಂದೇ ಉಳಿದಿದೆ. 10, 20, ನಾನು ಒಳಗೆ ಬಂದಿದ್ದ ಮ್ಯಾನೇಜ್‌ಮೆಂಟ್ ವಿಲ್ಯಾನ್ 99, ಎಲ್ಲವೂ ಹೋಗಿವೆ. ಸಂಖ್ಯೆಗಿಂತ ಮೊದಲು ಬರಬೇಕಾದ ‘ಆ್ಯಡ್’ ಅನ್ನುವ ಪದ ಬಿಟ್ಟಿದ್ದೆ. ಅದಿಲ್ಲದಿದ್ದರೆ ಹಳೆಯ ಪಟ್ಟಿಗೆ ಸೇರುವುದಿಲ್ಲ, ಪಟ್ಟಿಯೇ ಬದಲಾಗುತ್ತದೆ. ಕ್ಯಾಂಪಸ್ಸಿನಲ್ಲಿ ಹೀಗಾಗಿದ್ದರೆ ಕನ್ಸೋಲ್ ಕೇಬಲ್ ಹಿಡಿದು ನಾಲ್ಕು ಕಟ್ಟಡ ಸುತ್ತಬೇಕಿತ್ತು, ಅಷ್ಟು ಹೊತ್ತೂ ಪಾಠ, ಪರೀಕ್ಷೆ ಎಲ್ಲ ನಿಲ್ಲುತ್ತಿತ್ತು. ಇಲ್ಲಿ ಮೊದಲೇ ಉಳಿಸಿಟ್ಟ ಸ್ಥಿತಿಗೆ, ಅಂದರೆ ಹಳೆಯ ಸ್ನ್ಯಾಪ್‌ಶಾಟಿಗೆ ಮರಳಿ ಮತ್ತೆ ಶುರು ಮಾಡಿದೆ.

ಕೊರತೆಗಳೂ ಇವೆ. ತಂತ್ರಾಂಶ ಉಚಿತ, ಓಪನ್ ಸೋರ್ಸ್. ಆದರೆ ಐಒಎಸ್ ಇರುವ ಕಡತ, ಅಂದರೆ ಇಮೇಜ್, ಅದರ ಜೊತೆ ಬರುವುದಿಲ್ಲ, ಲೈಸೆನ್ಸ್ ಇರುವ ಇಮೇಜನ್ನು ನೀವೇ ತರಬೇಕು. ಹೊಸಬರು ಸೋತು ಕೈಬಿಡುವುದು ಹೆಚ್ಚಾಗಿ ಇಲ್ಲೇ. ಡೈನಮಿಪ್ಸ್ ಎಂಬ ಎಮ್ಯುಲೇಟರಿನಲ್ಲಿ ಓಡುವ ಹಳೆಯ ರೂಟರಿಗೆ ಐಡಲ್-ಪಿಸಿ ಮೌಲ್ಯ (ರೂಟರಿಗೆ ಕೆಲಸವಿಲ್ಲದಾಗ ಪ್ರೊಸೆಸರಿಗೆ ಬಿಡುವು ಕೊಡುವ ಹೊಂದಿಕೆ) ಹೊಂದಿಸದಿದ್ದರೆ ಒಂದೇ ರೂಟರ್ ಪ್ರೊಸೆಸರಿನ ಒಂದು ಕೋರನ್ನು ಪೂರ್ತಿ ತಿನ್ನುತ್ತದೆ. 8 ಜಿಬಿ ರ್‍ಯಾಮ್ ಇದ್ದರೆ ಒದ್ದಾಟ, 16 ಇದ್ದರೆ ನೆಮ್ಮದಿ. ಜಿಎನ್‌ಎಸ್3 ಮತ್ತು ಅದರ ವಿಎಂ (ರೂಟರುಗಳನ್ನು ಓಡಿಸುವ ವರ್ಚುವಲ್ ಮಷೀನ್) ಎರಡರ ಆವೃತ್ತಿಯೂ ಒಂದೇ ಇರಬೇಕು, ಅಪ್‌ಡೇಟ್ ಮಾಡುವಾಗ ಎರಡನ್ನೂ ಮಾಡಿ. ಕೇಬಲ್ಲಿನ ತುದಿಗೆ ಸಡಿಲವಾಗಿ ಒತ್ತಿ ಕೂರಿಸಿದ ಕನೆಕ್ಟರ್, ಕಾದ ರ್‍ಯಾಕು, ಇಲಿ ಕಡಿದ ಕೇಬಲ್, ಇವನ್ನೆಲ್ಲ ಕಲಿಯಲು ನಿಜವಾದ ಸ್ವಿಚ್ಚಿನ ಮುಂದೆಯೇ ನಿಲ್ಲಬೇಕು.

ಆ ತಪ್ಪು ಸ್ಕ್ರಿಪ್ಟನ್ನು ಅಳಿಸಿಲ್ಲ. ನಮ್ಮಲ್ಲಿ ಹೊಸದಾಗಿ ಸೇರುವ ಹುಡುಗರಿಗೆ ಮೊದಲ ದಿನ ಅದನ್ನೇ ಕೊಟ್ಟು, ಜಿಎನ್‌ಎಸ್3ಯಲ್ಲಿ ಓಡಿಸಿ ಏನಾಯಿತೆಂದು ಹೇಳಿ ಅನ್ನುತ್ತೇನೆ.