11ನೆಯ ಪುಟ ಬದಲಾದಾಗ: ಎರಡು ಪ್ರೀಪ್ರೆಸ್ ತಂತ್ರಾಂಶಗಳ ಪರೀಕ್ಷೆ

ಪ್ರೀಪ್ರೆಸ್ (ಅಚ್ಚಿಗೆ ಮೊದಲು ಪುಟಗಳನ್ನು ಪ್ಲೇಟಿಗೆ ಸಿದ್ಧಪಡಿಸುವ) ತಂತ್ರಾಂಶ ಮಾರಲು ಬರುವವರು ದೋಷವೇ ಇಲ್ಲದ ಪಿಡಿಎಫ್ ಒಂದನ್ನು ಜೊತೆಗೇ ತರುತ್ತಾರೆ. ಅದನ್ನು ಹಾಟ್ ಫೋಲ್ಡರಿಗೆ (ಫೈಲು ಬಿದ್ದೊಡನೆ ಕೆಲಸ ಶುರುವಾಗುವ ಫೋಲ್ಡರಿಗೆ) ಹಾಕಿದರೆ ಪ್ರೀಫ್ಲೈಟ್ (ಫೈಲಿನ ದೋಷ ತಪಾಸಣೆ), ಟ್ರ್ಯಾಪಿಂಗ್ (ಬಣ್ಣಗಳ ನಡುವೆ ಬಿಳಿ ಸಂದು ಬಾರದಂತೆ ಅಂಚು ಬೆರೆಸುವುದು), ಇಂಪೊಸಿಷನ್ (ಹಾಳೆಯ ಮೇಲೆ ಪುಟಗಳ ಜೋಡಣೆ), ರಿಪ್ (ಪುಟವನ್ನು ಅಚ್ಚಿನ ಚುಕ್ಕೆಗಳಾಗಿಸುವುದು) ಎಲ್ಲವೂ ತಾನಾಗಿ ಮುಗಿದು ಪ್ಲೇಟುಗಳು ಸಿಟಿಪಿ ಯಂತ್ರದ (ಕಂಪ್ಯೂಟರಿನಿಂದ ನೇರವಾಗಿ ಪ್ಲೇಟ್ ತೆಗೆಯುವ ಯಂತ್ರದ) ಸರದಿಗೆ ಬಂದು ನಿಲ್ಲುತ್ತವೆ. ಪ್ಲೇಟ್ ವಿಭಾಗ ನೋಡಿಕೊಳ್ಳುವ ನನಗೆ ಅದರಿಂದ ಏನೂ ತಿಳಿಯುವುದಿಲ್ಲ. ಎಲ್ಲ ಮುಗಿದ ಮೇಲೆ ಗ್ರಾಹಕರು ಒಂದು ಪುಟ ತಿದ್ದಿ ಕಳಿಸಿದರೆ ಏನಾಗುತ್ತದೆ? ನನಗೆ ಬೇಕಾದ ಉತ್ತರ ಅದು.

ಪ್ರಾಯೋಗಿಕ ಪರವಾನಗಿಯಲ್ಲಿ ಎರಡು ತಂತ್ರಾಂಶ ತರಿಸಿದ್ದೇವೆ. ಮಾತುಕತೆ ಇನ್ನೂ ನಡೆಯುತ್ತಿರುವುದರಿಂದ ಹೆಸರು ಹೇಳುವುದಿಲ್ಲ. ಎರಡಕ್ಕೂ ಒಂದೇ ಕೆಲಸ ಕೊಟ್ಟೆ: 16 ಪುಟಗಳ ಒಂದು ಫಾರಂ (ಒಂದೇ ಹಾಳೆಯ ಎರಡು ಬದಿಗಳಲ್ಲಿ ಅಚ್ಚಾಗುವ ಪುಟಗಳು), ಎರಡೂ ಬದಿ ನಾಲ್ಕು ಬಣ್ಣ, ಬದಿಗೆ ಬಣ್ಣಕ್ಕೊಂದರಂತೆ ಒಟ್ಟು 8 ಪ್ಲೇಟು. ಅವು ಸಿದ್ಧವಾದ ಮೇಲೆ 11ನೆಯ ಪುಟದ ಕಪ್ಪು ಅಕ್ಷರಗಳಲ್ಲಿ ಒಂದು ಸಾಲು ಬದಲಿಸಿದ ಪಿಡಿಎಫ್ ಹಾಕಿದೆ. ಆ ಪುಟ ಹಾಳೆಯ ಒಳಬದಿಯಲ್ಲಿ ಬೀಳುತ್ತದೆ. ನ್ಯಾಯವಾಗಿ ಒಳಬದಿಯ ಕಪ್ಪು ಪ್ಲೇಟೊಂದೇ ಹೊಸದಾಗಿ ಬರಬೇಕು.

ಮೊದಲನೆಯದು ಆ ಪುಟವನ್ನಷ್ಟೇ ಮತ್ತೆ ಸಂಸ್ಕರಿಸಿ, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಬಣ್ಣವಾರು ತೋರಿಸಿತು. ಸಯಾನ್, ಮಜೆಂಟಾ, ಹಳದಿ ಹಾಗೆಯೇ ಇವೆ ಎಂಬುದು ಕಣ್ಣೆದುರಿಗೇ ಇತ್ತು. ಎರಡನೆಯದು ಇಡೀ ಫಾರಂ ರಿಪ್ ಮಾಡಿ 8 ಪ್ಲೇಟನ್ನೂ ಸರದಿಗೆ ಕಳಿಸಿತು; ಬೇಡವಾದ 7ನ್ನು ಆಪರೇಟರ್ ಒಂದೊಂದಾಗಿ ತೆಗೆದುಹಾಕಬೇಕಾಯಿತು. ರಾತ್ರಿ ಪಾಳಿಯಲ್ಲಿ, ಮುದ್ರಣ ಯಂತ್ರ ಪ್ಲೇಟಿಗಾಗಿ ಕಾದು ನಿಂತಿರುವಾಗ, ಇಂಥ ಹೊಣೆಯನ್ನು ಯಾರ ತಲೆಗೂ ಕಟ್ಟಬಾರದು.

ಒಂದೇ ಪ್ಲೇಟ್ ಮತ್ತೆ ತೆಗೆಯುವುದರಲ್ಲಿ ಇನ್ನೊಂದು ಅಪಾಯವಿದೆ. ಡಾಟ್ ಗೇನ್ (ಅಚ್ಚಾಗುವಾಗ ಚುಕ್ಕೆ ಹಿಗ್ಗುವುದು) ಸರಿದೂಗಿಸುವ ಕರ್ವ್, ಅಂದರೆ ಚುಕ್ಕೆಯ ಗಾತ್ರ ತಿದ್ದುವ ಪಟ್ಟಿ, ನಡುವೆ ಬದಲಾಗಿದ್ದರೆ ಹೊಸ ಕಪ್ಪು ಉಳಿದ ಮೂರು ಬಣ್ಣಗಳಿಗೆ ಹೊಂದುವುದಿಲ್ಲ, ಚಿತ್ರದ ನೆರಳು ಭಾಗಗಳು ಕೆಡುತ್ತವೆ. ಮೊದಲನೆಯ ತಂತ್ರಾಂಶ ಬಳಸಿದ ಕರ್ವಿನ ಹೆಸರು, ಆವೃತ್ತಿ ಮತ್ತು ಸಮಯವನ್ನು ಪ್ಲೇಟಿನ ಅಂಚಿನಲ್ಲೇ ಬರೆಯುತ್ತದೆ. ಸಣ್ಣ ಸೌಲಭ್ಯವೆಂದು ಯಾರಾದರೂ ತಳ್ಳಿಹಾಕಿದರೆ ನಾನು ಒಪ್ಪುವುದಿಲ್ಲ.

ಓವರ್‌ಪ್ರಿಂಟ್ (ಕೆಳಗಿನ ಬಣ್ಣವನ್ನು ಕತ್ತರಿಸದೆ ಅದರ ಮೇಲೆಯೇ ಅಚ್ಚು ಹಾಕುವ ಸೂಚನೆ) ವಿಷಯದಲ್ಲಿ ಮಾತ್ರ ಎರಡನೆಯದೇ ಮೇಲು. ಬಿಳಿ ಅಕ್ಷರಕ್ಕೆ ಓವರ್‌ಪ್ರಿಂಟ್ ಅಂಟಿಕೊಂಡಿದ್ದರೆ ಅದು ಅಚ್ಚಿನಲ್ಲಿ ಮಾಯವಾಗುತ್ತದೆ. ಎರಡನೆಯದು ಅದನ್ನು ತಾನೇ ಸರಿಪಡಿಸಿ, ಯಾವ ಪುಟದಲ್ಲಿ ಏನು ಮಾಡಿದೆ ಎಂದು ವರದಿಯಲ್ಲಿ ದಾಖಲಿಸಿತು. ಮೊದಲನೆಯದು ಬರೀ ಎಚ್ಚರಿಕೆ ಕೊಟ್ಟು ಫೈಲನ್ನು ಮುಂದಕ್ಕೆ ಬಿಟ್ಟಿತು. ಇದು ಗಂಭೀರ ಕೊರತೆ.

ಪಾರದರ್ಶಕತೆಯಲ್ಲಿ, ಅಂದರೆ ಕೆಳಗಿನದು ಕಾಣುವಂಥ ನೆರಳು, ಪದರಗಳಲ್ಲಿ, ಎರಡೂ ಗೆದ್ದವು. ಅಚ್ಚಿಗೆ ಕಳಿಸುವ ಪಿಡಿಎಫ್‌ನ ಮಾನಕಗಳಲ್ಲಿ ಪಿಡಿಎಫ್/ಎಕ್ಸ್-1ಎ ಪಾರದರ್ಶಕತೆಯನ್ನು ಬಿಡುವುದೇ ಇಲ್ಲ, ಎಕ್ಸ್-4 ಬಿಡುತ್ತದೆ. ಎರಡೂ ತಂತ್ರಾಂಶಗಳ ಒಳಗಿರುವುದು 2006ರಲ್ಲಿ ಬಂದ ಅಡೋಬಿಯ ಪಿಡಿಎಫ್ ಪ್ರಿಂಟ್ ಇಂಜಿನ್. ಹಳೆಯ ಪೋಸ್ಟ್‌ಸ್ಕ್ರಿಪ್ಟ್ ರಿಪ್‌ಗಳಿಗೆ ಪಾರದರ್ಶಕ ಪದರಗಳೆಲ್ಲವನ್ನೂ ಮೊದಲು ಒಂದಾಗಿಸಿ ಚಪ್ಪಟೆ ಮಾಡಬೇಕಿತ್ತು, ನೆರಳಿನ ಕೆಳಗಿನ ಅಕ್ಷರ ದಪ್ಪಗಾಗುತ್ತಿತ್ತು. ಆ ಕಾಟ ಈಗಿಲ್ಲ. ನಿಮ್ಮಲ್ಲಿ ಪರೀಕ್ಷಿಸುವುದಾದರೆ ಮುದ್ರಣ ಪಿಡಿಎಫ್‌ಗೆ ನಿಯಮ ರೂಪಿಸುವ ಘೆಂಟ್ ವರ್ಕ್‌ಗ್ರೂಪಿನ ಪರೀಕ್ಷಾ ಪುಟಗಳನ್ನು ಹಾಕಿ ನೋಡಿ. ಸಂಸ್ಕರಣೆ ತಪ್ಪಿದ ಕಡೆ ಗುಣಿಸು ಚಿಹ್ನೆ ಮೂಡುತ್ತದೆ, ವಾದಕ್ಕೆ ಜಾಗವಿರುವುದಿಲ್ಲ.

ಜೆಡಿಎಫ್ (ತಂತ್ರಾಂಶ ಮತ್ತು ಯಂತ್ರಗಳ ನಡುವೆ ಕೆಲಸದ ವಿವರ ಸಾಗಿಸುವ ಫೈಲ್ ಮಾದರಿ) ಬೆಂಬಲವಿದೆ ಎಂಬ ಮಾತನ್ನು ಕರಪತ್ರ ಓದಿ ನಂಬಬೇಡಿ. ಶಾಯಿ ಕೀಲಿಗಳ (ಎಲ್ಲಿ ಎಷ್ಟು ಶಾಯಿ ಎಂದು ನಿಯಂತ್ರಿಸುವ ಕೀಲಿಗಳ) ಪೂರ್ವ ಹೊಂದಾಣಿಕೆಯ ಫೈಲು ನಿಮ್ಮ ಯಂತ್ರದ ಕನ್ಸೋಲಿನಲ್ಲಿ ತೆರೆದುಕೊಳ್ಳುತ್ತದೆಯೇ ಎಂದು ನಿಂತು ನೋಡಿ.

ನಾನು ಶಿಫಾರಸು ಮಾಡುತ್ತಿರುವುದು ಮೊದಲನೆಯದನ್ನು, ಎರಡು ಷರತ್ತುಗಳೊಂದಿಗೆ. ಬಿಳಿ ಓವರ್‌ಪ್ರಿಂಟ್ ಕಂಡರೆ ಫೈಲು ಅಲ್ಲೇ ನಿಲ್ಲುವಂತೆ ಪ್ರೀಫ್ಲೈಟ್ ನಿಯಮವನ್ನು ಅವರೇ ಬದಲಿಸಿಕೊಡಬೇಕು. ಪರವಾನಗಿ ಮುಗಿದರೂ ಹಳೆಯ ಕೆಲಸಗಳ ಪುಟಗಳು ಮತ್ತು ಇಂಪೊಸಿಷನ್ ನಮ್ಮ ಕೈಗೆ ಸಾಮಾನ್ಯ ಪಿಡಿಎಫ್ ಆಗಿ ಸಿಗುತ್ತವೆ ಎಂದು ಒಪ್ಪಂದದಲ್ಲಿ ಬರೆದುಕೊಡಬೇಕು. ಎರಡನೆಯ ಷರತ್ತಿಗೆ ಅವರು ಇನ್ನೂ ಉತ್ತರಿಸಿಲ್ಲ. ಉತ್ತರ ಬರುವವರೆಗೆ ಸಹಿ ಹಾಕಬೇಡಿ ಎಂದು ಮಾಲೀಕರಿಗೆ ಹೇಳಿದ್ದೇನೆ.