ಕಪ್ಪು ಬಟ್ಟೆಗೆ ಬಿಳಿ ಇಂಕ್: ಡಿಟಿಜಿ ಮಾರಿದೆ, ಡಿಟಿಎಫ್‌ಗೆ ಬಂದೆ

ಕಪ್ಪು ಟೀ ಶರ್ಟ್ ಮೇಲೆ ಪ್ರಿಂಟ್ ಮಾಡಲು ಎರಡು ದಾರಿ ಹಿಡಿದು ನೋಡಿದ್ದೇನೆ. ಮೊದಲು ಡಿಟಿಜಿ, ಅಂದರೆ ನೇರ ಬಟ್ಟೆ ಮೇಲೆಯೇ ಇಂಕ್ ಬಿಡುವ ಪ್ರಿಂಟರ್. ಆಮೇಲೆ ಡಿಟಿಎಫ್. ಇದರಲ್ಲಿ ಫಿಲ್ಮ್ ಮೇಲೆ ಪ್ರಿಂಟ್ ಆಗುತ್ತದೆ, ಅದಕ್ಕೆ ಅಂಟಿನ ಪುಡಿ ಹಾಕಿ ಕರಗಿಸುತ್ತಾರೆ, ಕೊನೆಗೆ ಹೀಟ್ ಪ್ರೆಸ್‌ನಲ್ಲಿ ಬಟ್ಟೆಗೆ ಒತ್ತುತ್ತೇವೆ. ಡಿಟಿಜಿ ಮಷೀನನ್ನು 8 ತಿಂಗಳಿಗೆ ಮಾರಿದೆ. ಈಗ ನನ್ನ ಹತ್ತಿರ ಹೀಟ್ ಪ್ರೆಸ್ ಒಂದೇ ಇದೆ. ಫಿಲ್ಮ್ ಹೊರಗೆ ಮಾಡಿಸುತ್ತೇನೆ. ನನಗೆ ಇದೇ ಸರಿಹೋಗಿದೆ.

ಮಾರಲು ಕಾರಣ ಬಿಳಿ ಇಂಕ್. ಕಪ್ಪು ಬಟ್ಟೆ ಮೇಲೆ ಬಣ್ಣ ಎದ್ದು ಕಾಣಬೇಕಾದರೆ ಅದರ ಅಡಿಯಲ್ಲಿ ಬಿಳಿ ಪದರ ಬೇಕೇ ಬೇಕು.

ಬೇರೆ ಬಣ್ಣಗಳು ತಮ್ಮ ಪಾಡಿಗೆ ತಾವಿರುತ್ತವೆ. ಬಿಳಿ ಹಾಗಲ್ಲ. ಅದರ ಬಿಳುಪೆಲ್ಲ ಟೈಟಾನಿಯಂ ಡೈಆಕ್ಸೈಡ್ ಪುಡಿಯದು. ಆ ಪುಡಿ ನೀರಿಗಿಂತ ಸುಮಾರು 4 ಪಟ್ಟು ಭಾರ. ಇಂಕ್ ಅಲುಗಾಡದೆ ನಿಂತರೆ ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಒಂದು ಬಾಟಲಿಯನ್ನು ವಾರ ಪೂರ್ತಿ ಮುಟ್ಟದೆ ಬಿಟ್ಟು, ಆಮೇಲೆ ಬಗ್ಗಿಸಿ ನೋಡಿದ್ದೆ. ತಳದಲ್ಲಿ ಸುಣ್ಣದ ಗಸಿಯ ಹಾಗೆ ದಪ್ಪ ಪದರ ಅಂಟಿಕೊಂಡಿತ್ತು. ಬಾಟಲಿಯಾದರೆ ಅಲ್ಲಾಡಿಸಬಹುದು. ಇಂಕ್ ಚಿಮ್ಮುವ, ಕೂದಲೆಳೆಗಿಂತ ಸಣ್ಣ ತೂತು, ಅಂದರೆ ನಾಝಲ್ ಒಳಗೆ ಅದೇ ಗಸಿ ಕೂತರೆ ಏನು ಮಾಡೋದು?

ನನ್ನ ಮಷೀನಿನಲ್ಲಿ ಇಂಕ್ ಸುತ್ತಿಸುವ ಪಂಪ್ ಇತ್ತು. ಆದರೆ ಅದು ಟ್ಯೂಬಿನವರೆಗೆ ಮಾತ್ರ. ನಾಝಲ್‌ಗಳಿರುವ ಹೆಡ್ ಒಳಗಿನ ಇಂಕ್ ನಿಂತಲ್ಲೇ ನಿಂತಿರುತ್ತಿತ್ತು. ಮಷೀನ್ ಕೊಳ್ಳುವವರು ಇದೊಂದನ್ನು ಕೇಳಿಯೇ ಕೊಳ್ಳಿ.

ಒಮ್ಮೆ 4 ದಿನ ಜ್ವರ ಬಂದು ಮಲಗಿದ್ದೆ. ಎದ್ದು ಬಂದು ಪಾರದರ್ಶಕ ಫಿಲ್ಮ್ ಮೇಲೆ ನಾಝಲ್ ಚೆಕ್ (ಎಲ್ಲ ನಾಝಲ್ ಇಂಕ್ ಬಿಡುತ್ತಿವೆಯೇ ಅಂತ ನೋಡುವ ಗೆರೆಗಳ ಪ್ರಿಂಟ್) ತೆಗೆದು, ಕಪ್ಪು ಬಟ್ಟೆಯ ಮೇಲಿಟ್ಟು ನೋಡಿದೆ. ಬಿಳಿ ಗೆರೆಗಳು ಹಲ್ಲು ಮುರಿದ ಬಾಚಣಿಗೆಯಂತಿದ್ದವು. ಹೆಡ್ ಕ್ಲೀನಿಂಗ್ ಕೊಟ್ಟೆ. ಮತ್ತೆ ಕೊಟ್ಟೆ. ಮೂರನೇ ಸಲಕ್ಕೆ ಗೆರೆ ಪೂರ್ತಿ ಬಂತು, ಖುಷಿಯಾಯಿತು. ಎರಡನೇ ಶರ್ಟ್ ಅರ್ಧ ಆಗುವಷ್ಟರಲ್ಲಿ ಬಿಳಿಯ ನಡುವೆ ಅಡ್ಡಡ್ಡ ಕಪ್ಪು ಎಳೆಗಳು ಕಾಣಿಸಿದವು. ಶರ್ಟ್ ಹೋಯಿತು. ಆ ತಿಂಗಳು ಶರ್ಟಿಗೆ ಹೋದದ್ದಕ್ಕಿಂತ ಜಾಸ್ತಿ ಬಿಳಿ ಇಂಕ್ ವೇಸ್ಟ್ ಬಾಟಲಿಗೆ ಹೋಗಿತ್ತು. ಬಣ್ಣದ ಇಂಕ್‌ಗಿಂತ ಬಿಳಿಯೇ ಜಾಸ್ತಿ ಖರ್ಚಾಗುವುದು, ಅದನ್ನೇ ಹೀಗೆ ಚೆಲ್ಲುವುದು ಹೊಟ್ಟೆ ಉರಿಸುತ್ತದೆ ಅಲ್ವಾ?

ಪ್ರಿಟ್ರೀಟ್, ಅಂದರೆ ಡಿಟಿಜಿ ಪ್ರಿಂಟಿಗೆ ಮೊದಲು ಬಟ್ಟೆಗೆ ದ್ರಾವಣ ಹೊಡೆಯುವ ಕೆಲಸವೂ ಸಣ್ಣದಲ್ಲ. ಅದರಲ್ಲಿರುವ ಉಪ್ಪಿನಂಶ ಇಂಕನ್ನು ತಕ್ಷಣ ಗಟ್ಟಿಯಾಗಿಸಿ, ಅದು ನೂಲಿನೊಳಗೆ ಇಳಿಯದಂತೆ ಮೇಲೇ ಹಿಡಿಯುತ್ತದೆ. ಕಡಿಮೆ ಹೊಡೆದರೆ ಬಿಳಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಜಾಸ್ತಿಯಾದರೆ ಬಟ್ಟೆ ಮೇಲೆ ಚೌಕಾಕಾರದ ಕಲೆ ಉಳಿಯುತ್ತದೆ. ಡಿಟಿಎಫ್‌ನಲ್ಲಿ ಈ ಕೆಲಸವೇ ಇಲ್ಲ. ಕಾಟನ್, ಪಾಲಿಯೆಸ್ಟರ್ ಎರಡಕ್ಕೂ ಹಿಡಿಯುತ್ತದೆ.

ಹಾಗಂತ ಡಿಟಿಎಫ್ ಮಷೀನನ್ನೇ ಕೊಂಡರೆ ಬಿಳಿ ಇಂಕಿನ ಕಾಟ ತಪ್ಪುವುದಿಲ್ಲ. ಅದರಲ್ಲೂ ಅದೇ ಇಂಕಿನ ಜಾತಿ, ಅದೇ ಗಸಿ. ಬಣ್ಣ ಮೊದಲು, ಬಿಳಿ ಆಮೇಲೆ ಬೀಳುತ್ತದೆ, ಅಷ್ಟೇ ವ್ಯತ್ಯಾಸ. ಅದಕ್ಕೇ ನಾನು ದಿನಾ ಮಷೀನ್ ಓಡಿಸುವವರ ಹತ್ತಿರ ಫಿಲ್ಮ್ ಮಾಡಿಸುವುದು. ಫಿಲ್ಮ್ ತಂದಿಟ್ಟರೆ ತಿಂಗಳಾದರೂ ಏನೂ ಆಗುವುದಿಲ್ಲ. ಬೇಕಾದಾಗ 150 ಡಿಗ್ರಿಯಲ್ಲಿ 15 ಸೆಕೆಂಡ್ ಒತ್ತುತ್ತೇನೆ, ಪೂರ್ತಿ ತಣ್ಣಗಾದ ಮೇಲೆ ಎಳೆಯುತ್ತೇನೆ. ನಾನು ತರಿಸುವ ಫಿಲ್ಮಿಗೆ ಈ ಲೆಕ್ಕ. ಬಿಸಿಯಲ್ಲೇ ಎಳೆಯುವ ಫಿಲ್ಮ್‌ಗಳೂ ಇವೆ, ಕೇಳಿಕೊಳ್ಳಿ. ಮೇಲೆ ಪಾರ್ಚ್‌ಮೆಂಟ್ ಪೇಪರ್ ಇಟ್ಟು ಇನ್ನೊಮ್ಮೆ ಸ್ವಲ್ಪ ಹೊತ್ತು ಒತ್ತಿದರೆ ಅಂಚು ಚೆನ್ನಾಗಿ ಕೂರುತ್ತದೆ, ಹೊಳಪೂ ತಗ್ಗುತ್ತದೆ.

ಮುಟ್ಟಿದರೆ ಮಾತ್ರ ಡಿಟಿಜಿಯೇ ಮೆತ್ತಗೆ. ಎದೆ ತುಂಬ ದೊಡ್ಡ ಡಿಟಿಎಫ್ ಪ್ರಿಂಟ್ ಹಾಕಿದರೆ ಪ್ಲಾಸ್ಟಿಕ್ ಹಾಳೆ ಅಂಟಿಸಿದಂತಿರುತ್ತದೆ, ಬೆವರು ಆರುವುದಿಲ್ಲ. ಅದಕ್ಕೆ ನಾನು ಡಿಸೈನಿನ ಕಪ್ಪು ಭಾಗಗಳನ್ನೆಲ್ಲ ಅಳಿಸಿಬಿಡುತ್ತೇನೆ. ಅಲ್ಲಿ ಶರ್ಟಿನ ಕಪ್ಪೇ ಕಾಣುತ್ತದೆ, ಪ್ರಿಂಟಿಗೂ ಉಸಿರಾಡಲು ಜಾಗ ಸಿಗುತ್ತದೆ. ಹೊಗೆಯಂತೆ ಮಾಸುತ್ತಾ ಹೋಗುವ ಚಿತ್ರಗಳೂ ಡಿಟಿಜಿಯಲ್ಲೇ ಚಂದ.

ನನಗೆ ಒಂದು ವಾರ ಹತ್ತು ಶರ್ಟ್ ಆರ್ಡರ್ ಬಂದರೆ, ಮುಂದಿನ ಎರಡು ವಾರ ಒಂದೂ ಇರುವುದಿಲ್ಲ. ಸುಮ್ನೆ ನಿಂತ ಮಷೀನಿಗೆ ಇಂಕ್ ಸುರಿಯುವ ಶಕ್ತಿ ನನಗಿಲ್ಲ. ನನ್ನ ಮಷೀನ್ ಕೊಂಡವರು ದಿನಾ ಪ್ರಿಂಟ್ ಹಾಕುವವರು. ಅವರ ಕೈಯಲ್ಲಿ ಅದೇ ಹೆಡ್ ಚೆನ್ನಾಗಿ ಓಡುತ್ತಿದೆ. ಚಿಕ್ಕ ಮಕ್ಕಳ ಬಟ್ಟೆಗೆ ಮೆತ್ತಗಿನ ಪ್ರಿಂಟೇ ಬೇಕು ಅಂತ ಯಾರಾದರೂ ಕೇಳಿದರೆ, ನಾನೂ ಅವರ ಹತ್ತಿರವೇ ಮಾಡಿಸಿಕೊಡುತ್ತೇನೆ.